ಗಂಗಣ್ಣನ ಗಾಡಿ ಮತ್ತು ಹೆಸರಿಲ್ಲದ ಸುದ್ದಿ

ಇಸ್ತ್ರಿ ಮಾಡಿದ ಬಟ್ಟೆಯನ್ನು ಹಳೆಯ ಪೇಪರಿನಲ್ಲಿ ಕಟ್ಟಿಕೊಡುವ ಮುಂಚೆ ಗಂಗಣ್ಣ ಆ ಹಾಳೆಯನ್ನು ಪೂರ್ತಿ ಓದುತ್ತಿದ್ದರು. ಶ್ರದ್ಧಾಂಜಲಿಯ ಫೋಟೋ ಕಂಡರೆ ಮಡಿಸಿ ಪಕ್ಕಕ್ಕಿಡುತ್ತಿದ್ದರು. "ಸತ್ತೋರ ಮುಖದ ಮೇಲೆ ಪ್ಯಾಂಟ್ ಇಡಕ್ಕಾಯ್ತದಾ ಸಾರ್?" ಎನ್ನುತ್ತಿದ್ದರು. ನನ್ನ ಹೆಸರಿನಲ್ಲಿ ಸುದ್ದಿ ಅಚ್ಚಾದ ಹಾಳೆಗಳಿಗೂ ಅದೇ ಮರ್ಯಾದೆ. ಬೀದಿಗೆ ಹೊಸದಾಗಿ ಬಂದವರಿಗೆ ನನ್ನನ್ನು ತೋರಿಸಿ, ನಮ್ಮ ಸಾರು ಬರೆದ ಮೇಲೇ ಈ ಮೋರಿ ಕ್ಲೀನಾಗಿದ್ದು ಎಂದು ಹೇಳಿಕೊಳ್ಳುತ್ತಿದ್ದರು.

ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಬಾಡಿಗೆ ಮನೆಯ ಎದುರು, ಹೊಂಗೆ ಮರಕ್ಕೆ ಒತ್ತಿಕೊಂಡು ಅವರ ತಳ್ಳುಗಾಡಿ ನಿಲ್ಲುತ್ತಿತ್ತು. ಇದ್ದಿಲಿನ ಇಸ್ತ್ರಿಪೆಟ್ಟಿಗೆ. ಅಂಗಿಯ ಗುಂಡಿ ಸಡಿಲವಾಗಿದ್ದರೆ ಹೇಳದೆ ಕೇಳದೆ ಹೊಲಿದಿಡುತ್ತಿದ್ದರು. ನಾನು ಆತುರದಲ್ಲಿ ಹೊರಟಾಗಲೆಲ್ಲ ತಡೆದು ನಿಲ್ಲಿಸಿ ಕಾಲರ್ ಸರಿಮಾಡಿ ಕಳಿಸುತ್ತಿದ್ದರು.

ಆಗ ನಾನು ಪತ್ರಿಕೆಯೊಂದರ ನಗರ ವರದಿಗಾರ. ಫುಟ್‌ಪಾತ್ ಒತ್ತುವರಿ ಬಗ್ಗೆ ಬರೆಯುತ್ತಿದ್ದೆ. ಜಯನಗರದ ದೊಡ್ಡ ಪೀಠೋಪಕರಣದ ಮಳಿಗೆಯೊಂದು ಫುಟ್‌ಪಾತ್ ಮೇಲೆಯೇ ಮೆಟ್ಟಿಲು ಕಟ್ಟಿಕೊಂಡಿತ್ತು. ಅದರ ಫೋಟೋ ಕೊಟ್ಟೆ. ಮುಖ್ಯಸ್ಥರು ನೋಡಿ, ಇವರು ಪ್ರತಿ ಭಾನುವಾರ ಜಾಹೀರಾತು ಕೊಡುವವರು, ಬೇರೆ ಯಾವುದಾದರೂ ಹಾಕು ಎಂದರು. ನಾನು ಎದುರಾಡಲಿಲ್ಲ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮಹಡಿಯಿಂದ ಗಂಗಣ್ಣನ ಗಾಡಿಯ ಫೋಟೋ ತೆಗೆದೆ. ಗಾಡಿಯ ಪಕ್ಕದಲ್ಲಿ ಇಬ್ಬರು ನಡೆಯುವಷ್ಟು ಜಾಗವಿತ್ತು. ಮೇಲಿಂದ ನೋಡಿದರೆ ದಾರಿಯೇ ಇಲ್ಲವೆನ್ನುವಂತೆ ಕಾಣುತ್ತಿತ್ತು. ಅದು ನನಗೆ ಗೊತ್ತಿತ್ತು. ಆ ಫೋಟೋ ಇಟ್ಟು ಒತ್ತುವರಿಯೆಂದು ಬರೆದ ಸುದ್ದಿಗೆ ನನ್ನ ಹೆಸರು ಹಾಕುವುದು ಬೇಡ ಎಂದು ನಾನೇ ಹೇಳಿದೆ.

ಸುದ್ದಿ ಬಂದ ಎರಡು ದಿನಕ್ಕೆ ಪಾಲಿಕೆಯ ಲಾರಿ ಬಂದು ಗಾಡಿಯನ್ನು ಎತ್ತಿಕೊಂಡು ಹೋಯಿತು. ಸಂಜೆ ಗಂಗಣ್ಣ ಪೇಪರ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನಿಮ್ ಪೇಪರ್‌ನಾಗೆ ಯಾರೋ ಬರ್ದವ್ರೆ. ನೀವೊಂದ್ ಮಾತು ಹೇಳಿದ್ರೆ ಬಿಡ್ತಾರೆ ಸಾರ್."

ವಿಚಾರಿಸುತ್ತೇನೆ ಎಂದೆ. ಪಾಲಿಕೆಯ ಎಂಜಿನಿಯರರಿಗೆ ಒಂದು ಫೋನ್ ಮಾಡಿದ್ದಕ್ಕೇ ಮರುದಿನ ಗಾಡಿ ವಾಪಸ್ಸು ಬಂತು. ಗಂಗಣ್ಣ ಒಂದು ಚಿಪ್ಪು ಬಾಳೆಹಣ್ಣು ತಂದು ಕೈಮುಗಿದರು. ನಾನು ಆ ನಮಸ್ಕಾರವನ್ನೂ ತೆಗೆದುಕೊಂಡೆ.

ಗಾಡಿ ಬಂತು, ಜಾಗ ಸಿಗಲಿಲ್ಲ. ಬಡಾವಣೆ ಸಂಘದವರು ಅದೇ ಸುದ್ದಿಯ ತುಣುಕು ಹಿಡಿದು ನಿಲ್ಲಿಸಗೊಡಲಿಲ್ಲ. ತಿಂಗಳೊಳಗೆ ಗಂಗಣ್ಣ ತಲಘಟ್ಟಪುರದ ಲಾಂಡ್ರಿಯೊಂದರಲ್ಲಿ ಕೂಲಿಗೆ ಸೇರಿದರು.

ಅವರನ್ನು ನೋಡಲು ಹೋಗುವ ಧೈರ್ಯ ಬರಲು ನನಗೆ ಒಂದು ವರ್ಷ ಬೇಕಾಯಿತು. ಬರೆದದ್ದು ನಾನೇ ಎಂದು ಹೇಳಿದಾಗ ಅವರು ತಲೆಯೆತ್ತಲಿಲ್ಲ.

"ಗೊತ್ತಿತ್ತು. ಅಷ್ಟು ಎತ್ತರದಿಂದ ಫೋಟೋ ತೆಗೆಯಕ್ಕೆ ನಿಮ್ ಮಹಡಿ ಬಿಟ್ರೆ ಇನ್ಯಾವುದೈತೆ?"

ಹಾಗಿದ್ದರೂ ನನ್ನ ಹತ್ತಿರವೇ ಯಾಕೆ ಬಂದಿರಿ ಎಂದು ಕೇಳಿದೆ.

"ಗಂಟು ಹಾಕ್ದೋರ್ ಕೈಲೇ ಅಲ್ವಾ ಸಾರ್ ಬಿಚ್ಚಿಸ್ಬೇಕು."

ತಪ್ಪಾಯಿತು ಎಂದೆ. ಅವರು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದರು.

"ಇಲ್ಲಿ ನನ್ ಕಿವೀಲಿ ಹೇಳಿದ್ರೆ ಏನಾಯ್ತದೆ? ಊರಿಗೆಲ್ಲ ಕಾಣಂಗೆ ಬರ್ದ್ರಲ್ಲ, ಹಂಗೇ ಬರೀರಿ."

ಬರೆಯುತ್ತೇನೆ ಎಂದು ಮಾತು ಕೊಟ್ಟು ಬಂದೆ. ಬರೆಯಲಿಲ್ಲ. ಅದೇ ವರ್ಷ ನನಗೆ ಬಡ್ತಿ ಸಿಕ್ಕಿತು. ಹಳೆಯದನ್ನು ಕೆದಕುವ ಮನಸ್ಸಾಗಲಿಲ್ಲ. ನೌಕರಿ ಬಿಟ್ಟ ಮೇಲೆ ತಲಘಟ್ಟಪುರಕ್ಕೆ ಹೋದರೆ, ಗಂಗಣ್ಣ ತೀರಿಕೊಂಡು ನಾಲ್ಕು ತಿಂಗಳಾಯಿತೆಂದು ಲಾಂಡ್ರಿಯವರು ಹೇಳಿದರು.

ಆ ಫೋಟೋ ತೆಗೆದವನು ನಾನು. ಸುದ್ದಿ ಬರೆದವನೂ ನಾನೇ. ಗಂಗಣ್ಣನ ಗಾಡಿ ಯಾರ ದಾರಿಗೂ ಅಡ್ಡವಿರಲಿಲ್ಲ.