ಹಸುವಿಗೆ ಸುರಿದ ಸೊಪ್ಪು

ಅತ್ತಿಗೆ, ಆ ಮೂರು ದಿನ ನೀವು ಹುಳುಮನೆಯೊಳಗೆ ಕಾಲಿಟ್ಟಿರಲಿಲ್ಲ. ಕಾಲಿಟ್ಟಿದ್ದಿರಿ ಎಂದು ಅಮ್ಮನಿಗೆ ಹೇಳಿದವಳು ನಾನು. ರೇಷ್ಮೆಹುಳುಗಳನ್ನು ಉಪವಾಸ ಕೆಡವಿದವಳೂ ನಾನೇ.

ಮೂರು ವರ್ಷವಾಯಿತು. ಇಷ್ಟು ಬರೆಯುವುದಕ್ಕೆ ಬೆಳಗ್ಗೆಯಿಂದ ಈ ನೋಟ್‌ಪುಸ್ತಕದ ನಾಲ್ಕು ಹಾಳೆ ಹರಿದಿದ್ದೇನೆ. ನನ್ನ ನೆನಪನ್ನು ನಾನು ನಂಬುವುದಿಲ್ಲ, ಅದಕ್ಕೇ ಆ ವಾರದ ಡೈರಿ ತೆಗೆದು ನೋಡಿದೆ. ಅದರಲ್ಲಿ ಹುಳುಗಳಿಲ್ಲ, ನೀವಿಲ್ಲ, ಅಮ್ಮನೂ ಇಲ್ಲ. ‘ಅರ್ಧ ಇಡ್ಲಿ. ನೀರು. ಮಜ್ಜಿಗೆ ಬೇಡವಾಗಿತ್ತು, ಕುಡಿದೆ, ತಪ್ಪು’ — ಪುಟ ತುಂಬ ಇಂಥವೇ ಸಾಲುಗಳು. ಎಂ.ಎ. ಓದಿದವಳ ತಲೆಯಲ್ಲಿ ಆ ವಾರ ಇದ್ದದ್ದು ಇಷ್ಟೇ.

ಸೋದರಮಾವನ ಆಪರೇಷನ್ನಿಗೆಂದು ಅಮ್ಮ ಚಿಂತಾಮಣಿಗೆ ಹೋಗಿದ್ದರು. ಅಣ್ಣ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ. ಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆ, ಮುಗಿಸಿ ಎದ್ದಿದ್ದವು. ಗೂಡು ಕಟ್ಟುವ ಮುಂಚಿನ ಆ ಕೊನೆಯ ವಾರ ಎಷ್ಟು ಹಾಕಿದರೂ ತಿನ್ನುತ್ತವೆ. ಆಗಲೇ ನೀವು ಮುಟ್ಟಾದಿರಿ. ಮುಟ್ಟಾದವರು ಹುಳುಮನೆಗೆ ಬರಬಾರದೆಂಬುದು ಅಮ್ಮನ ಕಟ್ಟಳೆ. ನೀವು ತೋಟದಿಂದ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಹೊಸಿಲಾಚೆ ಇಡುತ್ತಿದ್ದಿರಿ, ಒಳಗೆ ನಾನು ಹಾಸಬೇಕಿತ್ತು.

ಊಟ ಬಿಟ್ಟು ಬಿಟ್ಟು ನನಗೆ ಮುಟ್ಟು ನಿಂತು ಏಳು ತಿಂಗಳಾಗಿತ್ತು. ಯಾರಿಗೂ ಗೊತ್ತಾಗದಿರಲೆಂದು ತಿಂಗಳಿಗೆ ಮೂರು ದಿನ ಸುಳ್ಳೇ ಹೊರಗೆ ಕೂರುತ್ತಿದ್ದೆ. ಅಮ್ಮ ನಂಬಿದ್ದರು. ನಿಮಗೆ ಅನುಮಾನವಿತ್ತು.

ಎರಡನೆಯ ದಿನ ಮಧ್ಯಾಹ್ನ ನನ್ನ ಮುದ್ದೆಯನ್ನು ಕರುವಿನ ಬಾನಿಯಲ್ಲಿ ಕಂಡು ನೀವು ನಕ್ಕಿರಿ. “ಏಮ್ಮಾ ಕವಿತಮ್ಮ, ಕರುಗೂ ಸ್ವಲ್ಪ ಡಯಟ್ ಮಾಡ್ಸು. ನಿನ್ನ ಪಾಲೂ ಅದೇ ತಿಂತೈತೆ.” ಆಮೇಲೆ ನಗು ಬಿಟ್ಟು, ಹೊಸಿಲಾಚೆಯಿಂದಲೇ ಮೆಲ್ಲಗೆ ಅಂದಿರಿ: “ಅತ್ತೆ ಬರ್ಲಿ, ಹೇಳ್ಬಿಡ್ತೀನಿ ಕಣೇ. ಚಿಕ್ಕಬಳ್ಳಾಪುರದಲ್ಲಿ ಡಾಕ್ಟ್ರ ಹತ್ರ ಹೋಗಣ. ನಾನ್ ಇರ್ತೀನಿ ಜೊತೆಗೆ.”

ಅಷ್ಟು ಅಕ್ಕರೆಯ ಮಾತು ನನಗೆ ಬೆದರಿಕೆಯಂತೆ ಕೇಳಿಸಿತು.

ಒಳಕ್ಕೆ ತಿರುಗಿದೆ. ತಟ್ಟೆ ತಟ್ಟೆಯಲ್ಲೂ ಹುಳುಗಳು ಸೊಪ್ಪು ಅಗಿಯುತ್ತಿದ್ದವು. ಅಷ್ಟೊಂದು ಬಾಯಿಗಳ ಸದ್ದು — ಅಸಹ್ಯವಾಯಿತು. ಇನ್ನೂ ಎಷ್ಟು ಬೇಕು ಇವಕ್ಕೆ... ಕೋಪದಲ್ಲಿ ಮಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ತಲೆ ತಿಳಿಯಾಗಿತ್ತು, ಅಥವಾ ತಿಳಿಯಾಗಿದೆ ಎಂದು ಅನ್ನಿಸುತ್ತಿತ್ತು. ಕಡಿಮೆ ತಿಂದರೆ ಗೂಡು ಗಟ್ಟಿಯಾಗುತ್ತದೆ ಎಂದು ನಾನು ನಿಜವಾಗಿಯೂ ನಂಬಿದೆ. ಹುಟ್ಟಿದಾಗಿನಿಂದ ಹುಳುವಿನ ಜೊತೆ ಬೆಳೆದವಳು! ನೀವು ತಂದಿಟ್ಟ ಸೊಪ್ಪಿನಲ್ಲಿ ಅರ್ಧವನ್ನು ಹಿಂಬಾಗಿಲಿನಿಂದ ಒಯ್ದು ಹಸುವಿಗೆ ಸುರಿದೆ. ಮರುದಿನವೂ. ಅರ್ಧವೋ, ಮುಕ್ಕಾಲೋ — ನೆನಪು ಯಾವಾಗಲೂ ನನ್ನ ಕಡೆಗೇ ವಾಲುತ್ತದೆ, ಆದ್ದರಿಂದ ಮುಕ್ಕಾಲು ಎಂದೇ ಇರಲಿ.

ನಾಲ್ಕನೆಯ ದಿನ ಅಮ್ಮ ಬಂದರು. ಹುಳುಗಳು ಸಣಕಲಾಗಿದ್ದವು. ಎಷ್ಟೋ ತಟ್ಟೆಯಂಚಿಗೆ ಹರಿದು ಬಂದು ಸತ್ತಿದ್ದವು. ಅಮ್ಮ ಕೂಗಾಡಲಿಲ್ಲ. “ಒಳಗೆ ಯಾರೇ ಬಂದಿದ್ದು?” ಎಂದರು, ಅಷ್ಟೆ.

“ಅತ್ತಿಗೆ ಬಂದಿದ್ರಮ್ಮ.”

ಇನ್ನು ನನ್ನ ಬಗ್ಗೆ ನೀವು ಏನೇ ಹೇಳಿದರೂ ಅಮ್ಮ ಅದನ್ನು ಹಗೆಯ ಮಾತು ಅಂದುಕೊಳ್ಳುತ್ತಾರೆ — ಆ ಲೆಕ್ಕಾಚಾರ ಕ್ಷಣದಲ್ಲಿ ಹೊಳೆದಿತ್ತು. ಎಷ್ಟು ಚುರುಕಾಗಿದೆ ನನ್ನ ಬುದ್ಧಿ ಎಂದು ಹೆಮ್ಮೆಯೂ ಆಗಿತ್ತು. “ನಾನ್ ಬಂದಿದ್ನಾ, ಕವಿತಾ?” ಎಂದು ನೀವು ಕೇಳಿದಿರಿ. ನಾನು ನೆಲ ನೋಡಿದೆ.

ಅಂದಿನಿಂದ ನೀವು ಯಾವ ದಿನವೂ ಹುಳುಮನೆಗೆ ಬಂದಿಲ್ಲ. ಇವಳು ಕಾಲಿಟ್ಟರೆ ಬೆಳೆ ನಿಲ್ಲದು ಎಂಬ ಮಾತು ಬೀದಿಯೆಲ್ಲ ಹರಡಿತು. ಪಕ್ಕದ ಮನೆಯವರೂ ಹುಳು ಇದ್ದಾಗ ನಿಮ್ಮನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಾರೆ. ಆದರೂ, ಕಳೆದ ವರ್ಷ ನಾನು ಬಸ್ಸಿನಲ್ಲಿ ಕುಸಿದು ಆಸ್ಪತ್ರೆ ಸೇರಿದಾಗ ಪಕ್ಕದಲ್ಲಿ ಕೂತಿದ್ದವರು ನೀವು.

ಹಸಿದ ಮೆದುಳು ಸರಿಯಾಗಿ ತೀರ್ಮಾನ ಮಾಡಲಾರದು ಎಂದರು ಅಲ್ಲಿನ ಡಾಕ್ಟರು. ಆ ಮಾತಿನ ಹಿಂದೆ ಬಚ್ಚಿಟ್ಟುಕೊಳ್ಳೋಣ ಎಂದು ಆಸೆಯಾಯಿತು. ಸೊಪ್ಪು ಸುರಿದದ್ದಕ್ಕೆ ಅದು ಕಾರಣವಾಗಿದ್ದೀತು. ಆಮೇಲಿನ ಮೌನಕ್ಕೆ? ಹೊಟ್ಟೆ ತುಂಬ ಉಂಡ ದಿನಗಳಲ್ಲೂ ನಾನು ಬಾಯಿ ಬಿಡಲಿಲ್ಲ.

ಈಗ ಮತ್ತೆ ಹುಳುಗಳು ನಾಲ್ಕನೇ ಜ್ವರ ಎದ್ದಿವೆ. ನೀವು ಎಂದಿನಂತೆ ಸೊಪ್ಪಿನ ಹೊರೆಯನ್ನು ಹೊಸಿಲಾಚೆ ಇಳಿಸಿ ಹೋಗುತ್ತೀರಿ. ಇವತ್ತು ಬೆಳಗ್ಗೆ ನಾನು ಮತ್ತೆ ಅರ್ಧ ಮುದ್ದೆ ಬಿಟ್ಟೆ. ನಾಳೆ ಹೇಳಿದರಾಯಿತು ಎನ್ನುತ್ತಿದೆ ತಲೆ, ಬಹಳ ವಿವೇಕದ ದನಿಯಲ್ಲಿ — ಆ ದನಿ ನನಗೆ ಗೊತ್ತು. ತೀರ್ಮಾನವನ್ನು ಅದರ ಕೈಗೆ ಕೊಡಲಾರೆ.

ಅದಕ್ಕೇ ಈ ಪುಸ್ತಕವನ್ನು ಹೊಸಿಲ ಮೇಲೆ ಇಡುತ್ತಿದ್ದೇನೆ. ಅಮ್ಮನೆದುರು ಗಟ್ಟಿಯಾಗಿ ಓದಿ. ನಾನು ಒಳಗೆ ಸೊಪ್ಪು ಹಾಸುತ್ತಿರುತ್ತೇನೆ. ಹಿಂಬಾಗಿಲಿಗೆ ಬೀಗ ಹಾಕಿದ್ದೇನೆ. ಬೀಗದ ಕೈ ಈ ಪುಟಗಳ ನಡುವೆ ಇದೆ.