ಗೌರಿ ಹೂವಿನ ಗಡ್ಡೆ

ಅವರ ಎಡಗಣ್ಣು ಸದಾ ಅರ್ಧ ಮುಚ್ಚಿಯೇ ಇರುತ್ತಿತ್ತು. ಭೂತಗನ್ನಡಿಯಲ್ಲಿ ಹೂ ನೋಡಿ ನೋಡಿ ಹಾಗಾಗಿತ್ತಂತೆ. ನನಗೇನು ಗೊತ್ತು? ತೊಂಬತ್ತರ ದಶಕದಲ್ಲಿ ಯಮಕನಮರಡಿಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಈ ಮನುಷ್ಯ ನಮ್ಮ ಮನೆಯ ಮೇಲೆ ಕಣ್ಣಿಟ್ಟಿದ್ದಾರೆ ಎಂದೇ ತಿಳಿದಿದ್ದೆ.

ಪಕ್ಕದ ಮನೆಯ ಜೈನ ಮಾಸ್ತರರು ಅವರು, ಹುಕ್ಕೇರಿಯಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಮೈಯೆಲ್ಲ ಸಂಶಯ. ಒಂದೊಂದು ಬೆಂಡೆಕಾಯಿಯನ್ನೂ ಸೀಳಿ, ಹುಳವಿಲ್ಲವೆಂದು ಖಾತ್ರಿಯಾದ ಮೇಲೆಯೇ ಒಲೆಯ ಹತ್ತಿರ ಬಿಡುವರು. ಹೆಂಡತಿ ಸೋಸಿದ ನೀರನ್ನು ತಾವು ಮತ್ತೊಮ್ಮೆ ಸೋಸುವರು. ಉಳ್ಳಾಗಡ್ಡಿ, ಬಟಾಟಿ, ನೆಲದೊಳಗೆ ಬೆಳೆಯುವ ಯಾವ ಗಡ್ಡೆಯೂ ಅವರ ಹೊಸ್ತಿಲು ದಾಟಿದ್ದಿಲ್ಲ. ಅವರು ಅದನ್ನು ಕೈಯಿಂದಲೂ ಮುಟ್ಟುತ್ತಿರಲಿಲ್ಲ.

ಮಳೆಗಾಲದಲ್ಲಿ ಗುಡ್ಡದ ಪೊದೆಗಳಲ್ಲಿ ಗೌರಿ ಹೂ ಅರಳಿದಾಗ ಮಾತ್ರ ಮುಖ ಸಡಿಲಾಗುತ್ತಿತ್ತು. ಎಲೆಯ ತುದಿಯನ್ನೇ ಸುರುಳಿ ಮಾಡಿ ಪಕ್ಕದ ಗಿಡ ಹಿಡಿದು ಏರುವ ಬಳ್ಳಿ ಅದು. ಹಳದಿಯಾಗಿ ಅರಳಿದ ಎಸಳು ಹಿಂದಕ್ಕೆ ಬಾಗಿ ಬರಬರುತ್ತ ಕೆಂಪಾಗುತ್ತದೆ. ಒಮ್ಮೆ ನನ್ನನ್ನು ಕರೆದು ತೋರಿಸಿದರು.

"ಬೀಜ ಕಟ್ಟೋ ಕಡ್ಡಿ ನೋಡವಾ ತಂಗಿ, ಹೆಂಗ ಬಾಜೂಕ ಹೊಳ್ಳೇತಿ. ತನ್ನ ಪರಾಗದ ಮ್ಯಾಲ ತನಗ ಭರೋಸಾ ಇಲ್ಲ ಇದಕ್ಕ. ಪಾತರಗಿತ್ತಿ ಬ್ಯಾರೆ ಹೂವಿಂದ ತರಬೇಕು."

ಹೂವೂ ಇವರಂಥದ್ದೇ ಎಂದು ಒಳಗೊಳಗೇ ನಕ್ಕೆ.

ಮರುವರ್ಷ ನನಗೆ ಹೆರಿಗೆ ನೋವು ಬಂತು. ಎಷ್ಟು ಹೊತ್ತಾದರೂ ಕೂಸು ಹೊರಬರಲಿಲ್ಲ. ಅತ್ತೆ ಗುಡ್ಡಕ್ಕೆ ಓಡಿ ಗೌರಿ ಹೂವಿನ ಗಡ್ಡೆ ಅಗೆದು ತಂದರು. ಬೇಗ ಹೆರಿಗೆಯಾಗಲೆಂದು ಹಳಬರು ಅದನ್ನು ಅರೆದು ಹೊಕ್ಕುಳ ಸುತ್ತ ಹಚ್ಚುತ್ತಿದ್ದರು. ಅತ್ತೆಯ ಬೆನ್ನಿಗೇ ಮಾಸ್ತರರು ಬಂದು ಬಾಗಿಲಲ್ಲಿ ನಿಂತರು. ಹೆರಿಗೆಯ ಮನೆಗೆ ಗಂಡಸಿಗೇನು ಕೆಲಸ?

"ವೈನಿ, ಹಚ್ಚಾಕೋ, ಕುಡಸಾಕೋ?"

ಅತ್ತೆ ಒಲೆಯ ಕಡೆ ತಿರುಗಿದರು. ಅಲ್ಲಿ ಕಷಾಯಕ್ಕಿಟ್ಟ ನೀರು ಕುದಿಯುತ್ತಿತ್ತು.

"ಅದು ಇಷಾ ಐತಿ. ತರ್ರಿ ಇಲ್ಲಿ."

"ನೀವು ಗಡ್ಡಿ ಮುಟ್ಟಂಗಿಲ್ಲಲ್ರಿ ಸರ."

"ಇವತ್ತ ಮುಟ್ಟತೇನಿ."

"ನಾ ನನ್ನ ಸೊಸಿನ್ನ ಕೊಲ್ಲತೇನಂತ ಸಂಶೇ ಏನ್ರಿ ನಿಮಗ?"

"ಹೂಂ ವೈನಿ. ಸಂಶೇ ಐತಿ."

ಒಳಗೆ ಮಲಗಿದ್ದ ನನಗೂ ಆ ಮಾತಿಗೆ ಮೈ ಉರಿಯಿತು. ಅವರು ಮಣ್ಣು ಮೆತ್ತಿದ ಗಡ್ಡೆಯನ್ನು ಬರಿಗೈಯಲ್ಲಿ ಕಸಿದುಕೊಂಡರು, ತಾವೇ ಟೆಂಪೋ ತರಿಸಿ ನನ್ನನ್ನು ಘಟಪ್ರಭಾ ದವಾಖಾನೆಗೆ ಕಳಿಸಿದರು. ಅಲ್ಲಿ ಮಗಳು ಹುಟ್ಟಿದಳು. ಆ ಗಡ್ಡೆಯ ಕಷಾಯ ಕುಡಿದಿದ್ದರೆ ತಾಯಿ-ಕೂಸು ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಗಡ್ಡೆಯನ್ನು ಮಾಸ್ತರರು ಅಗೆದ ಜಾಗದಲ್ಲೇ, ಮೊಳಕೆಯ ತುದಿ ಮುರಿಯದಂತೆ ಮತ್ತೆ ಹೂತರಂತೆ.

ಅತ್ತೆ ಮಾತ್ರ ಅವರೊಡನೆ ಮಾತು ಬಿಟ್ಟರು. ಮುಖದ ಮೇಲೆ ಹಾಗೆ ಅಂದರಲ್ಲ, ಅದು ಅವರಿಗೆ ಚುಚ್ಚಿತ್ತು. ವರ್ಷಗಳೇ ಕಳೆದರೂ ಸಿಟ್ಟು ಇಳಿಯಲಿಲ್ಲ.

ಮಾಸ್ತರರು ತೀರಿಕೊಂಡ ದಿನ ಅತ್ತೆ ಯಾರನ್ನೂ ಕೇಳದೆ ನನ್ನ ಮಗಳ ಕೈ ಹಿಡಿದು ಅವರ ಅಂಗಳಕ್ಕೆ ನಡೆದರು.

"ಕಾಲಿಗಿ ಬೀಳವಾ," ಎಂದರು. "ಇವ್ರು ಅವತ್ತ ನನ್ನ ಮ್ಯಾಲ ಸಂಶೇ ಪಟ್ರು. ಅದಕ್ಕ ನೀ ಅದಿ, ನಿಮ್ಮವ್ವ ಅದಾಳ."