ಕರಗಬೇಕಾದ ಹೊಟ್ಟೆ

ಮೌಶಿಯ ಉಗುರಿನ ಸಂದಿಯಲ್ಲಿ ಯಾವಾಗಲೂ ಕೆಂಪು ಮಣ್ಣು. ಊಟಕ್ಕೆ ಕೂತಾಗಲೂ ಇರುತ್ತಿತ್ತು. ಮುಂಬೈಯ ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನಲ್ಲಿ ಅವರು ನಮ್ಮ ಎದುರು ಮನೆಯವರು, ಬೆಳಗಾವಿ ಕಡೆಯವರು, ಶಿಲ್ಪ ಮಾಡುವವರು. ನಾನು ಮೈಸೂರಿನವಳಾದರೂ ಚಿಕ್ಕಮ್ಮ ಅನ್ನದೆ ಎಲ್ಲರಂತೆ ಮರಾಠಿಯಲ್ಲಿ ಮೌಶಿ ಅಂತಲೇ ಕರೆಯುತ್ತಿದ್ದೆ.

ಪಾರ್ಕಿಂಗಿಗೆ ಅಂತ ಕಾಂಪೌಂಡಿನ ಹಳೇ ಮರ ಕಡಿಸಿದರಲ್ಲ ನಮ್ಮ ಸೊಸೈಟಿಯ ಮಹಾನುಭಾವರು, ಉಳಿದ ಬೊಡ್ಡೆಯ ಮೇಲೆ ಮೌಶಿ ಒಬ್ಬ ಬಸುರಿಯನ್ನು ಕೂರಿಸಿದರು. ಸೊಂಟದವರೆಗೆ ಮರ, ಪಕ್ಕೆಲುಬಿಗೆ ಯಾರೋ ಕಿತ್ತುಹಾಕಿದ ಬಾಲ್ಕನಿ ಗ್ರಿಲ್ಲು, ಹೊಟ್ಟೆ ಮಾತ್ರ ಮಣ್ಣು, ಸಗಣಿ, ಹುಲ್ಲು. ಅವರ ಊರಲ್ಲಿ ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆಯ ದಿನ, ವರ್ಷವರ್ಷವೂ ಹೊಸ ಮಣ್ಣು ಮೆತ್ತುತ್ತಿದ್ದರು. ಮಳೆಗೆ ಹೊಟ್ಟೆ ಕರಗಿ, ಅದರಲ್ಲೇ ಏನೇನೋ ಮೊಳೆತು, ದೀಪಾವಳಿ ಹೊತ್ತಿಗೆ ಬರೀ ಪಕ್ಕೆಲುಬು ಉಳಿಯುತ್ತಿತ್ತು.

"ಮಳೆಗಾಲದಲ್ಲಿ ಮೆತ್ತೋದು ಯಾವ ಜಾಣತನ ಮೌಶಿ?" ಅಂತ ಒಮ್ಮೆ ಕೇಳಿದ್ದೆ.

"ಕರಗಲಿ ಅಂತನ ಮಾಡೀನವಾ. ಕರಗದಿದ್ರ ಅದರಾಗ ಏನ್ ಹುಟ್ಟತೈತಿ?"

ಅವರು ಸಾಯನ್ ಆಸ್ಪತ್ರೆ ಸೇರಿದ್ದಾಗ ಸೊಸೈಟಿಯ ಸೆಕ್ರೆಟರಿ ಆ ಹೊಟ್ಟೆಗೆ ಸಿಮೆಂಟು ಬಳಿಸಿ ಚಿನ್ನದ ಬಣ್ಣ ಹೊಡೆಸಿದ. ಮೌಶಿಗೆ ಗೌರವವಂತೆ. ಗೌರವವಂತೆ, ಅವನ ತಲೆ! ಮೌಶಿ ಮನೆಗೆ ಬಂದ ದಿನ ಗೇಟಿನಲ್ಲೇ ಹಾರ ಹಾಕಿ, "ಪಕ್ಕಾ ಕರ್ ದಿಯಾ ಮೌಶಿ, ಅಬ್ ಬಾರಿಶ್ ಮೇ ಕುಛ್ ನಹೀ ಹೋಗಾ" ಅಂದ. ಗಟ್ಟಿ ಮಾಡಿಸಿದ್ದಾನಂತೆ, ಇನ್ನು ಮಳೆಗೆ ಏನೂ ಆಗಲ್ಲವಂತೆ. ಮೌಶಿ ಹಾರ ತೆಗೆದು ನನ್ನ ಕೈಗೆ ಕೊಟ್ಟರು.

"ಜೀವಂತ ಹುಗದುಬಿಟ್ರಲ್ಲ ಇಕಿನ್ನ. ಇದನ್ನ ಒಡೀಬೇಕು. ನನ್ನ ಕೈಯಾಗ ಶಕ್ತಿ ಇಲ್ಲ."

ಕಮಿಟಿಯವರನ್ನು ಬೇಡಿದೆ, ಜಗಳವಾಡಿದೆ. ಮೀಟಿಂಗಲ್ಲಿ ನೋಡೋಣ ಅಂದರು. ಮರ ಕಡಿಯೋಕೆ ಯಾವ ಮೀಟಿಂಗೂ ಬೇಕಾಗಿರಲಿಲ್ಲ ಇವರಿಗೆ. ಆ ಮೀಟಿಂಗು ಆಗುವ ಮೊದಲೇ ಮೌಶಿ ಹೋಗಿಬಿಟ್ಟರು. ಶೋಕಸಭೆಯನ್ನೂ ಆ ಬಂಗಾರದ ಹೊಟ್ಟೆಯ ಮುಂದೆಯೇ ಮಾಡಿದರು, ಮಾನಗೆಟ್ಟವರು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಮೊನ್ನೆ ಮಣ್ಣೆತ್ತಿನ ಅಮಾವಾಸ್ಯೆಯ ಬೆಳಿಗ್ಗೆ ಸುತ್ತಿಗೆ, ಒಂದು ಬಕೆಟ್ ಮಣ್ಣು ತಗೊಂಡು ಕೆಳಗಿಳಿದೆ. ಸಿಮೆಂಟು ಹೋಳುಹೋಳಾಗಿ ಬಿತ್ತು. ಸೆಕ್ರೆಟರಿ ಓಡಿ ಬಂದು ಪೊಲೀಸರನ್ನು ಕರೀತೀನಿ ಅಂದ. "ಬುಲಾವೋ", ಕರಿ ಹೋಗು, ಅಂದು ಬಕೆಟ್ಟಿನ ಮಣ್ಣಿಗೆ ಕೈ ಹಾಕಿದೆ. ಮೌಶಿಯ ಹಾಗೆ ಮೆತ್ತಲು ನನಗೆಲ್ಲಿ ಬರಬೇಕು, ಹೊಟ್ಟೆ ಒಂದು ಕಡೆ ಸೊಟ್ಟಗಾಯಿತು.

ಸಂಜೆ ಮಳೆ ಹಿಡಿಯಿತು. ಬಾಲ್ಕನಿಯಲ್ಲಿ ನಿಂತು ಅದು ಕರಗುವುದನ್ನೇ ನೋಡುತ್ತಿದ್ದೆ. ಮೌಶಿ ಹೋದ ದಿನ ಸಿಟ್ಟಿನಲ್ಲಿ ನನಗೆ ಅಳುವೇ ಬಂದಿರಲಿಲ್ಲ. ಈಗ ಬಂತು.